ಉದ್ಧಾರಕನ ಆದಾಯ ಪ್ರಮಾಣಪತ್ರ

ಬಿ.ಎ. ಕೊನೆಯ ಸೆಮಿಸ್ಟರಿನ ಫಲಿತಾಂಶ ಬಂದ ವಾರದಿಂದ ನಮ್ಮ ತೆಂಗಿನ ಸೀಮೆಯ ಹುಡುಗರಲ್ಲಿ ಅರ್ಧ ಜನ ಬಿ.ಇಡಿ. ಸೀಟಿಗೆ ಅಲೆಯುತ್ತಾರೆ. ಮಿಕ್ಕವರು ಪೊಲೀಸ್ ಕಾನ್‌ಸ್ಟೇಬಲ್ ಆಯ್ಕೆಗೆಂದು ಬೆಳಗಿನ ಜಾವ ಎದ್ದು ಕಾಲೇಜು ಮೈದಾನ ಸುತ್ತುತ್ತಾರೆ. ಓಡದೆ ಉಳಿಯುವವನು ಒಬ್ಬ. ಅವನು ಗಡ್ಡ ಬಿಡುತ್ತಾನೆ, ಅಣ್ಣನ ಮದುವೆಗೆ ಹೊಲಿಸಿದ್ದ ಜುಬ್ಬಾ ಹುಡುಕಿ ಹಾಕಿಕೊಳ್ಳುತ್ತಾನೆ, ಹೆಗಲಿಗೊಂದು ಬಟ್ಟೆಚೀಲ ಇಳಿಬಿಟ್ಟು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಲ್ಲುತ್ತಾನೆ.

"ಸರ್, ಸಮಾಜಕ್ಕೆ ಏನಾದರೂ ಮಾಡಬೇಕು ಅಂತಿದೀನಿ."

ಎಂ.ಎಸ್.ಡಬ್ಲ್ಯು.ಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಅರ್ಜಿ ಕರೆದಿದ್ದಾರೆ ಎಂದು ಇದರ ಅರ್ಥ.

ಇವನಿಗೆ ಹೆಸರು ಬೇಡ. ಪ್ರತಿ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ, ಬೆನ್ನ ಹಿಂದೆ ನಾವು ಉದ್ಧಾರಕ ಎನ್ನುತ್ತೇವೆ. ಹುಡುಗಿಯರೂ ಈ ಕೋರ್ಸಿಗೆ ಸೇರುತ್ತಾರೆ. ಆದರೆ ಅವರು ಸುಮ್ಮನೆ ಅರ್ಜಿ ತುಂಬಿ, ಹಾಸ್ಟೆಲ್ ಸೇರಿ, ಓದಿಕೊಂಡುಬಿಡುತ್ತಾರೆ. ಅವರನ್ನು ನಂಬಿಕೊಂಡು ಯಾರಿಗೂ ಹಾಸ್ಯಲೇಖನ ಬರೆಯಲಾಗುವುದಿಲ್ಲ.

ಉದ್ಧಾರಕನ ಚೀಲದಲ್ಲಿ ಪ್ಲಾಸ್ಟಿಕ್ ಫೈಲು. ಮೊದಲ ಹಾಳೆ ಎನ್‌ಎಸ್‌ಎಸ್ ಪ್ರಮಾಣಪತ್ರ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ಶಿಬಿರ ಎಂಬುದು ಎನ್‌ಎಸ್‌ಎಸ್‌ನ ಕಟ್ಟಳೆ. ಆ ಶಿಬಿರದಲ್ಲಿ ನಾನೂ ಇದ್ದೆ. ಉದ್ಧಾರಕ ಪಾರ್ಥೇನಿಯಂ ಕಿತ್ತದ್ದು ಒಂದು ಮುಂಜಾನೆ. ಮಿಕ್ಕ ದಿನವೆಲ್ಲ ಬೆಳಗಿನ ಉಪ್ಪಿಟ್ಟಿಗೂ ರಾತ್ರಿಯ ಸಾಂಸ್ಕೃತಿಕ ಕಾರ್ಯಕ್ರಮಕ್ಕೂ ನಡುವೆ ಬ್ಯಾನರ್ ಕಟ್ಟಿದ, ಗಾಳಿಗೆ ಬಿಚ್ಚಿಕೊಂಡಾಗ ಮತ್ತೆ ಕಟ್ಟಿದ. ಅದರ ಹಿಂದಿನ ಹಾಳೆ ರಕ್ತದಾನದ್ದು. ರಕ್ತ ಕೊಡಲು ಕನಿಷ್ಠ 45 ಕಿಲೋ ತೂಗಬೇಕು, ಇವನು ತಕ್ಕಡಿ ಹತ್ತಿದರೆ ಮುಳ್ಳು 43 ದಾಟಲಿಲ್ಲ. ಕೊಟ್ಟವರಿಗೆ ಬಿಸ್ಕತ್ತು ಹಂಚುವ ಕೆಲಸಕ್ಕೆ ಹಾಕಿದೆವು. ಸಂಜೆಗೆ ಇವನಿಗೂ ಪ್ರಮಾಣಪತ್ರ ಸಿಕ್ಕಿತು, ಉಳಿದ ಬಿಸ್ಕತ್ತೂ ಸಿಕ್ಕಿತು. ಕೊನೆಯಲ್ಲೊಂದು ಬಣ್ಣದ ಫೋಟೋ: ತಾಲ್ಲೂಕು ಆಸ್ಪತ್ರೆಯ ಮಂಚದ ಮೇಲೆ ಒಬ್ಬ ರೋಗಿ, ಅವನಿಗೆ ಒಂದೇ ಬಾಳೆಹಣ್ಣು ಕೊಡುತ್ತಿರುವ ಆರು ಕೈಗಳು. ಮುಖ ಬಿದ್ದಿಲ್ಲ. "ವಾಚ್ ಕಟ್ಟಿರೋ ಕೈ ನಂದು ಸರ್," ಎಂದು ಪೆನ್ನಿನಲ್ಲಿ ಸುತ್ತು ಹಾಕಿ ತೋರಿಸಿದ.

ಮೇಷ್ಟರ ಚಟ ಬಿಡುತ್ತದೆಯೇ, ನಾನು ಚರಿತ್ರೆ ಶುರುಮಾಡಿದೆ. ಕ್ಲಿಫರ್ಡ್ ಮ್ಯಾನ್ಶಾರ್ಟ್ ಎಂಬ ಅಮೆರಿಕದ ಪಾದ್ರಿ ಮುಂಬೈನ ನಾಗಪಾಡದ ಬಡಜನರ ನಡುವೆ ಕೆಲಸ ಮಾಡಿಕೊಂಡಿದ್ದವರು. ಅಯ್ಯೋ ಪಾಪ ಅನ್ನುವುದಷ್ಟೇ ಸಾಲದು, ಕೆಲಸ ಗೊತ್ತಿರುವವರು ಬೇಕು ಅನ್ನಿಸಿ, 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆ ತೆರೆದಾಗ ಅದರ ಮೊದಲ ನಿರ್ದೇಶಕರಾದರು. ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ನಮ್ಮ ಕಡೆ ಮಂಗಳೂರಿನಲ್ಲಿ 1960ರಲ್ಲೇ ರೋಶನಿ ನಿಲಯ ಎಂಬ ಸಮಾಜಕಾರ್ಯದ ಶಾಲೆ ಶುರುವಾಯಿತು. ಉದ್ಧಾರಕ ವಿನಯದಿಂದ ಪೂರ್ತಿ ಕೇಳಿದ. ಆಮೇಲೆ, "ಮುಂಬೈಗೆ ಸಿಯುಇಟಿ ಬರೀಬೇಕು ಸರ್, ಇಂಗ್ಲಿಷ್ ಇದೆ," ಅಂದ. ಚರಿತ್ರೆ ಅಲ್ಲಿಗೆ ಮುಗಿಯಿತು.

ಅವನು ಬಂದದ್ದು ಸ್ಟೇಟ್‌ಮೆಂಟ್ ಆಫ್ ಪರ್ಪಸ್ ತಿದ್ದಿಸಲು. ಈ ಓದು ನಿಮಗೆ ಯಾಕೆ ಬೇಕು ಎಂದು ಕೆಲವು ಸಂಸ್ಥೆಗಳು ಬರೆಸಿಕೊಳ್ಳುತ್ತವೆ. ಕೆಲಸ ಬೇಕು ಎಂದು ಯಾರೂ ಬರೆಯುವುದಿಲ್ಲ. ಉದ್ಧಾರಕ ಬರೆದದ್ದು ಒಬ್ಬ ಅಜ್ಜಿಯ ಕಥೆ. ಐದನೇ ಕ್ಲಾಸಿನಲ್ಲಿದ್ದಾಗ, ಜಡಿಮಳೆಯಲ್ಲಿ, ಬಸ್ ನಿಲ್ದಾಣದ ಅರಳಿಮರದ ಕೆಳಗೆ ಹಸಿದು ಕೂತಿದ್ದ ಅಜ್ಜಿಗೆ ಇವನು ತನ್ನ ಬುತ್ತಿ ಕೊಟ್ಟನಂತೆ. ಅಜ್ಜಿ ತಲೆ ಸವರಿದಾಗಲೇ ಜೀವನದ ಗುರಿ ಗೊತ್ತಾಯಿತಂತೆ. ಕಥೆ ಚೆನ್ನಾಗಿತ್ತು. ಚೆನ್ನಾಗಿರಲೇಬೇಕು, ಹೋದ ವರ್ಷ ಇದೇ ಅಜ್ಜಿಯನ್ನು ನಾನೇ ತಿದ್ದಿದ್ದೆ.

ಅಜ್ಜಿ ವಾಸವಿರುವುದು ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ. ಎಷ್ಟೋ ವರ್ಷದ ಹಿಂದೆ ಯಾವನೋ ಪುಣ್ಯಾತ್ಮ ಟೈಪ್ ಮಾಡಿಸಿ ಬಿಟ್ಟುಹೋದ ಫೈಲು. ಅಂಗಡಿಯವನು ಹೆಸರು, ಊರು ಬದಲಿಸಿ ಮೂವತ್ತು ರೂಪಾಯಿಗೆ ಕೊಡುತ್ತಾನೆ. ಒಂದು ಪ್ರತಿಯಲ್ಲಿ ಮಳೆ, ಇನ್ನೊಂದರಲ್ಲಿ ಉರಿಬಿಸಿಲು. ಸ್ವಂತಿಕೆ ಇರಲೆಂದು ಒಬ್ಬ ಅಜ್ಜಿಯನ್ನು ಅಜ್ಜ ಮಾಡಿದ, ಆದರೆ ಹರಿದ ಸೀರೆ ಬಿಚ್ಚಿಸುವುದನ್ನು ಮರೆತ. ಸಂದರ್ಶನದಲ್ಲಿ ಒಬ್ಬ ಮೇಡಂ ನಮ್ಮ ಊರಿನ ಹೆಸರು ನೋಡಿದವರೇ, "ಅರಳಿಮರದ ಅಜ್ಜಿ ಆರೋಗ್ಯವಾಗಿದ್ದಾರಾ?" ಎಂದು ಕೇಳಿದರಂತೆ. "ಇದಾರೆ ಮೇಡಂ, ನಿಮ್ಮನ್ನ ಕೇಳ್ತಿದ್ರು," ಎಂದ ಹುಡುಗನಿಗೆ ಸೀಟು ಸಿಕ್ಕಿತು. ಅವನಿಗೆ ಸಿಗಬೇಕಾದದ್ದೇ.

ಉದ್ಧಾರಕನ ಮನಸ್ಸಿನ ಮೂಲೆಯಲ್ಲಿ ಇನ್ನೊಂದು ಲೆಕ್ಕ ಇರುತ್ತದೆ, ಅದನ್ನು ಯಾವ ಅರ್ಜಿಯಲ್ಲೂ ಬರೆಯುವುದಿಲ್ಲ. 500 ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಕಟ್ಟುಮಾಡಿತು. ಆ ಪುಣ್ಯದಿಂದ ಎಂ.ಎಸ್.ಡಬ್ಲ್ಯು. ಮಾಡಿದವರಿಗೆ ಪೀಣ್ಯ, ಬಿಡದಿಯ ದಾರಿ ತೆರೆದುಕೊಂಡಿತು. ಸಂದರ್ಶನದಲ್ಲಿ ಎಲ್ಲರೂ ಗ್ರಾಮಾಭಿವೃದ್ಧಿ ಅನ್ನುವವರೇ. ವಿಶೇಷ ವಿಷಯ ಆರಿಸಿಕೊಳ್ಳುವ ದಿನ ಎಚ್.ಆರ್. ಕ್ಲಾಸಿನಲ್ಲಿ ಬೆಂಚು ಸಾಲುವುದಿಲ್ಲ.

ಸೀಟೇನೋ ಸಿಕ್ಕಿತು, ಮೈಸೂರಿನ ಕಡೆ. ಈಗ ದುಡ್ಡು.

ಅಲ್ಲಿಯವರೆಗೆ ಮಹಾತ್ಮನಾಗಿದ್ದವನು ಇಲ್ಲಿ ಬಡವನಾಗಬೇಕು. ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್ಲು, ಪೋರ್ಟಲ್ಲಿಗೆ ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು, ನಂಬರಿಗೆ ನಾಡಕಚೇರಿ, ನಾಡಕಚೇರಿಯವರಿಗೆ ಸರ್ವರು. ಸರ್ವರ್ ಡೌನ್ ಅನ್ನುವ ಮಾತು ನಮ್ಮ ಹೋಬಳಿಯಲ್ಲಿ ಈಗ ಮಳೆ ಬೆಳೆ ವಿಚಾರಿಸಿದಷ್ಟೇ ಸಹಜ. ಸರ್ವರ್ ಎದ್ದ ದಿನ ಉದ್ಧಾರಕನ ಅಪ್ಪ ಗ್ರಾಮಲೆಕ್ಕಿಗರ ಮುಂದೆ ನಿಂತು ತನ್ನ ಎರಡು ಎಕರೆ ತೋಟದ ಕಥೆ ಹೇಳಿದರು. ನುಸಿ ಬಿದ್ದು ಕಾಯಿ ಸುಕ್ಕಾಗಿದೆ, ಬೋರಿನಲ್ಲಿ ನೀರಿಲ್ಲ, ಕೊಬ್ಬರಿ ಬೆಲೆ ಕೇಳಬೇಡಿ. ಕೇಳುತ್ತಿದ್ದ ನನಗೇ ಗಂಟಲು ಕಟ್ಟಿತು. ವಾರ್ಷಿಕ ಆದಾಯ 32,000 ಎಂದು ಪತ್ರ ಬಂತು.

ಅದು ಬಂದರೂ ಪೋರ್ಟಲ್ಲು ಒಪ್ಪಲಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಶಿಯಲ್ಲು ಹೆಸರಿನ ಹಿಂದೆ. ಆಧಾರಿನಲ್ಲಿ ಮುಂದೆ. ಆದಾಯ ಪ್ರಮಾಣಪತ್ರದಲ್ಲಿ ಇನಿಶಿಯಲ್ಲೇ ಇಲ್ಲ, ಅಪ್ಪನ ಹೆಸರು ಇಡಿಯಾಗಿ ಬಂದು ಕೂತಿದೆ. ಕಂಪ್ಯೂಟರಿನ ಪ್ರಕಾರ ಇವರು ಮೂವರು: ಒಬ್ಬ ಪಾಸಾದವನು, ಒಬ್ಬ ಬದುಕಿರುವವನು, ಒಬ್ಬ ಬಡವ. ಮೂವರನ್ನೂ ಸೇರಿಸಿ ಒಬ್ಬನನ್ನು ಮಾಡುವಷ್ಟರಲ್ಲಿ ಜೆರಾಕ್ಸ್ ಅಂಗಡಿಯವನು ಇವರ ಮನೆಯ ನೆಂಟನೇ ಆಗಿಬಿಟ್ಟ. ಆಮೇಲೆ ತಿಳಿದದ್ದೇನೆಂದರೆ, ದುಡ್ಡು ಬಂದರೂ ಅದು ಹೋಗುವುದು ಆಧಾರ್ ಜೋಡಿಸಿದ ಖಾತೆಗೆ, ಆ ಖಾತೆ ಯಾವುದೋ ಸಿಮ್ ಕೊಳ್ಳುವಾಗ ಇವನಿಗೇ ಗೊತ್ತಿಲ್ಲದೆ ತೆರೆದುಕೊಂಡದ್ದು.

ಇಷ್ಟೆಲ್ಲ ಆದ ಮೇಲೂ ವಿದ್ಯಾರ್ಥಿವೇತನ ಬರುವುದು ತನಗೆ ತೋಚಿದಾಗ, ಫೀಸು ಕಟ್ಟಬೇಕಾದದ್ದು ಸೇರುವ ದಿನ. ಊಟ-ವಸತಿಗೆ ವಿದ್ಯಾಸಿರಿ ಇದೆ, ತಿಂಗಳಿಗೆ 1,500ರಂತೆ ವರ್ಷಕ್ಕೆ ಹತ್ತು ತಿಂಗಳು ಎಂದು ಶುರುವಾದ ಯೋಜನೆ, ಒಳ್ಳೆಯದೇ. ಆದರೆ ಹೊಟ್ಟೆ ತಿಂಗಳ ಮೊದಲ ದಿನವೇ ಹಸಿಯುತ್ತದೆ. ಮೊದಲು ಕಟ್ಟು, ಬಂದಾಗ ತಗೋ ಎಂಬ ಈ ಪದ್ಧತಿ ಬಡವರ ಮಕ್ಕಳಿಗೆ ಆಗಿಬರುವುದಿಲ್ಲ. 2018ರಲ್ಲಿ ಟಾಟಾ ಸಂಸ್ಥೆಯ ವಿದ್ಯಾರ್ಥಿಗಳು ಮುಷ್ಕರ ಕೂತದ್ದು ಇಂಥದ್ದಕ್ಕೇ, ಪೋಸ್ಟ್ ಮೆಟ್ರಿಕ್ ವಿದ್ಯಾರ್ಥಿವೇತನದ ಮಕ್ಕಳಿಗಿದ್ದ ಶುಲ್ಕದ ರಿಯಾಯಿತಿ ತೆಗೆದರು ಎಂದು. ಸಮಾಜಕಾರ್ಯ ಕಲಿಯುವವರಿಗೆ ಅದಕ್ಕಿಂತ ಒಳ್ಳೆಯ ಪ್ರಾಕ್ಟಿಕಲ್ ಬೇರೆ ಇಲ್ಲ ಎಂದು ನನ್ನ ಅಭಿಪ್ರಾಯ.

ಹೀಗಾಗಿ ಬ್ಯಾಂಕು. ನಾನೂ ಜೊತೆಗೆ ಹೋದೆ, ಮೇಷ್ಟರ ಮಾತಿಗೆ ಬೆಲೆ ಇದೆ ಎಂದು ಅಪ್ಪ, ಮಗ ಇಬ್ಬರೂ ಇನ್ನೂ ನಂಬಿದ್ದರು. ಬಡವನಾಗಿ ನಾಡಕಚೇರಿ ದಾಟಿದ ಸಂಸಾರ ಇಲ್ಲಿ ಸ್ಥಿತಿವಂತ ಆಗಬೇಕಿತ್ತು. ಅದೇ ಪಹಣಿ, ಅದೇ ಎರಡು ಎಕರೆ. ಆದರೆ ಆವತ್ತು ಬೋರಿನಲ್ಲಿ ನೀರು ಉಕ್ಕುತ್ತಿತ್ತು, ಮರಕ್ಕೆ ನೂರರ ಮೇಲೆ ಕಾಯಿ, ಅಟ್ಟದ ತುಂಬ ಕೊಬ್ಬರಿ, ಎರಡು ಹಸು, ಡೈರಿಯ ಹಾಲಿನ ಪುಸ್ತಕ ಸಾಕ್ಷಿಗೆ. ಮ್ಯಾನೇಜರು ಕಡತ ತಿರುವುತ್ತ ನಾಡಕಚೇರಿಯ ಕಾಗದ ಎತ್ತಿ ಹಿಡಿದರು.

"ವರ್ಷಕ್ಕೆ ಮೂವತ್ತೆರಡು ಸಾವಿರ ಅಂತಿದೆ. ಕಂತು ಹೆಂಗೆ ಕಟ್ತೀರಿ ಯಜಮಾನ್ರೇ?"

"ಅದು ಸರ್ಕಾರಕ್ಕೆ ಹೇಳಿದ್ದು ಸ್ವಾಮಿ. ನಿಮ್ಗೆ ನಿಜ ಹೇಳ್ತಿದೀನಿ."

ಮ್ಯಾನೇಜರು ಒಳ್ಳೆಯ ಮನುಷ್ಯ, ನಗು ನುಂಗಿಕೊಂಡು ನಿಯಮ ವಿವರಿಸಿದರು. ನಾಲ್ಕು ಲಕ್ಷದವರೆಗಿನ ವಿದ್ಯಾಸಾಲಕ್ಕೆ ಆಸ್ತಿಯ ಆಧಾರ ಕೇಳುವಂತಿಲ್ಲ, ಅಪ್ಪ ಜೊತೆಗೆ ಸಹಿ ಹಾಕಿದರೆ ಸಾಕು, ಓದು ಮುಗಿದು ಒಂದು ವರ್ಷದವರೆಗೆ ಕಂತಿಲ್ಲ. ಉದ್ಧಾರಕನ ಮುಖ ಅರಳಿತು. ಆಗ ಅವರು ಕೇಳಬಾರದ್ದನ್ನು ಕೇಳಿದರು.

"ಓದಿದ ಮೇಲೆ ಏನು ಕೆಲಸ?"

"ಸಮಾಜದ ಕಟ್ಟಕಡೆಯ ವ್ಯಕ್ತಿ ಜೊತೆ ಸರ್."

"ಆ ವ್ಯಕ್ತಿ ಸಂಬಳ ಎಷ್ಟು ಕೊಡ್ತಾನೆ?"

ನಾನು ನಡುವೆ ಬಾಯಿ ಹಾಕಿ ಬಡ್ಡಿ ಸಬ್ಸಿಡಿಯ ಮಾತೆತ್ತಿದೆ. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿದ್ದರೆ ಓದುವ ಅವಧಿಯ ಬಡ್ಡಿಯನ್ನು ಕೇಂದ್ರವೇ ಭರಿಸುವ ಯೋಜನೆ ಅದು. "ಇದೆ ಸರ್, ಆದ್ರೆ ಪ್ರೊಫೆಷನಲ್ ಕೋರ್ಸಿಗೆ. ಇದು ಪ್ರೊಫೆಷನಲ್ ಹೌದೋ ಅಲ್ವೋ?" ಎಂದರು. ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ, ದೇಶದ ಬಳಿಯೂ ಇಲ್ಲ. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ನರ್ಸುಗಳಿಗೆ ಪರಿಷತ್ತಿದೆ, ಸಮಾಜಕಾರ್ಯಕರ್ತರಿಗೆಲ್ಲ ಸೇರಿ ಅಂಥದ್ದೊಂದು ರಾಷ್ಟ್ರೀಯ ಪರಿಷತ್ತು ಇವತ್ತಿಗೂ ಆಗಿಲ್ಲ. ಮ್ಯಾನೇಜರು ರೀಜನಲ್ ಆಫೀಸಿಗೆ ಬರೆದು ಕೇಳುತ್ತೇನೆ ಎಂದರು. ರೀಜನಲ್ ಆಫೀಸಿಗೆ ಬರೆದದ್ದಕ್ಕೆ ಉತ್ತರ ಬಂದದ್ದನ್ನು ನಮ್ಮ ಊರಿನಲ್ಲಿ ಕಂಡವರಿಲ್ಲ.

ಫೀಸು ಕಟ್ಟಲು ಕೊನೆಯ ದಿನ ಹತ್ತಿರ ಬಂತು. ಅಲ್ಲಿಯವರೆಗೆ ಒಂದು ಮಾತೂ ಆಡದಿದ್ದ ಉದ್ಧಾರಕನ ಅಮ್ಮ ಭಾನುವಾರ ಸಂಜೆ ಸೆರಗು ಸುತ್ತಿ ಮಾರಮ್ಮನ ಗುಡಿಯ ಜಗುಲಿಗೆ ಹೊರಟರು. ಅಲ್ಲಿ ವಾರವಾರ ಅವರ ಸ್ವಸಹಾಯ ಸಂಘ ಸೇರುತ್ತದೆ. ಠರಾವು ಪುಸ್ತಕ ಬರೆಯಲು ಅಕ್ಷರ ದುಂಡಗಿರುವವರು ಬೇಕೆಂದು ನನ್ನನ್ನೂ ಕರೆದೊಯ್ದರು.

ಅಲ್ಲಿ ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಇರಲಿಲ್ಲ, ಪರ್ಪಸ್ಸಿನ ಕಾಲಂ ಮಾತ್ರ ಇತ್ತು. ಅಚ್ಚಾದ ಪಟ್ಟಿಯಲ್ಲಿ ಹಸು, ಕುರಿ, ಹೊಲಿಗೆ ಯಂತ್ರ, ಚಿಲ್ಲರೆ ಅಂಗಡಿ. ಮಗನ ಎಂ.ಎಸ್.ಡಬ್ಲ್ಯು. ಇಲ್ಲ.

"ಹೊಲಿಗೆ ಮಿಷನ್ನಿಗೆ ಕಮ್ಮಿ ಕೊಡ್ತಾರೆ. ಹಸ ಅಂತ ಬರೀರಿ ಮೇಷ್ಟ್ರೇ," ಎಂದರು ಅಧ್ಯಕ್ಷೆ.

"ಎಚ್‌ಎಫ್ ಅಂತ ಬರೀರಿ, ಜಾಸ್ತಿ ಬರ್ತದೆ," ಎಂದಿತು ಇನ್ನೊಂದು ಧ್ವನಿ.

ಉದ್ಧಾರಕ ಮೆಟ್ಟಿಲ ಮೇಲೆ ಕೂತು ಗೈಡು ಓದುತ್ತಿದ್ದ, ಸ್ವಸಹಾಯ ಗುಂಪುಗಳ ಸಬಲೀಕರಣ ಎಂಬ ಅಧ್ಯಾಯ. ತಲೆಯೆತ್ತಿ, "ಸಾಲದ ಉದ್ದೇಶ ಬದಲಾಯಿಸಬಾರದು ಅಂತ ಇದರಲ್ಲಿದೆಯಮ್ಮಾ," ಎಂದ.

"ಹಂಗಾರೆ ಫೀಸು ಕಟ್ಟಾದು ಬ್ಯಾಡ್ವಾ?"

ಅವನು ಪುಟ ತಿರುಗಿಸಿದ. ಹೆಬ್ಬೆಟ್ಟು, ಸಹಿ, ಎಲೆ ಅಡಿಕೆ, ಹತ್ತು ನಿಮಿಷದಲ್ಲಿ ಸಾಲ ಮಂಜೂರಾಯಿತು. ಯಾರೂ ಪಹಣಿ ಕೇಳಲಿಲ್ಲ. ಆ ಮನೆಯಲ್ಲಿ ಎಷ್ಟು ಕಾಯಿ ಬೀಳುತ್ತದೆ, ಎಷ್ಟು ಸಾಲವಿದೆ, ಗಂಡ ಯಾರ ಮುಂದೆ ಏನು ಹೇಳಿದ್ದಾನೆ, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಈಗ ಉದ್ಧಾರಕ ಮೈಸೂರಿನಲ್ಲಿದ್ದಾನೆ. ಫೋನ್ ಮಾಡಿದರೆ, "ಫೀಲ್ಡ್‌ನಲ್ಲಿದೀನಿ ಸರ್" ಎನ್ನುತ್ತಾನೆ. ವಾರಕ್ಕೆರಡು ದಿನ ಕ್ಷೇತ್ರಕಾರ್ಯ, ಹಳ್ಳಿಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರ ನಕ್ಷೆ ಬರೆಸುವುದು, ರಾತ್ರಿ ಅದನ್ನೆಲ್ಲ ವರದಿ ಬರೆಯುವುದು. ಗೌರಿ ಹಬ್ಬಕ್ಕೆ ಬಂದಾಗ ಪ್ರಶ್ನಾವಳಿ ಹಿಡಿದು ಅಮ್ಮನ ಮುಂದೆಯೇ ಕೂತ. ಸಂಘ ಸೇರಿದ ಮೇಲೆ ನಿಮ್ಮ ನಿರ್ಧಾರ ತೆಗೆದುಕೊಳ್ಳುವ ಸಾಮರ್ಥ್ಯ ಹೆಚ್ಚಿದೆಯೇ? ಅಮ್ಮ ಹೂರಣ ಅರೆಯುತ್ತ, "ನೀನೇ ಹೇಳಪ್ಪ," ಎಂದರು. ಅವನು 'ಹೌದು' ಎಂದು ಗುರುತು ಹಾಕಿಕೊಂಡ.

ಹೋದ ತಿಂಗಳು ಸಾಲದ ಪರಿಶೀಲನೆಗೆ ಮೇಲಿನಿಂದ ಒಬ್ಬ ಮೇಲ್ವಿಚಾರಕ ಬಂದ. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ, ನಾಲ್ಕೈದು ಬ್ಯಾಚಿನ ಹಿಂದಿನ ಉದ್ಧಾರಕ. ಕೊಟ್ಟಿಗೆಯಲ್ಲಿ ಹಳೆಯ ಎರಡು ಹಸು ಮೆಲುಕು ಹಾಕುತ್ತಿದ್ದವು, ಮೂರನೆಯ ಗೂಟ ಖಾಲಿ.

"ಸಾಲದ ಹಸು ಎಲ್ಲಮ್ಮಾ?"

"ಮೈಸೂರ್ ಕಡೆ ಮೇಯಕ್ಕೆ ಬಿಟ್ಟಿದೀವಿ ಕಣಪ್ಪ."

"ಎಷ್ಟು ಲೀಟರ್ ಕೊಡುತ್ತೆ?"

"ಇನ್ನೂ ಕಡಸು. ಎರಡು ವರ್ಷ ಆಗ್ಬೇಕು."

ಅವನು ಒಮ್ಮೆ ಗೂಟ ನೋಡಿದ, ಒಮ್ಮೆ ಗೋಡೆಯ ಮೇಲಿನ ಪದವಿ ಗೌನಿನ ಫೋಟೋ ನೋಡಿದ. ನನ್ನ ಹತ್ತಿರ ಬಗ್ಗಿ, "ನಮ್ಮಮ್ಮನ ಸಂಘದ ಪುಸ್ತಕದಲ್ಲಿ ನಾನು ಹೊಲಿಗೆ ಮಿಷನ್ನು ಸರ್," ಎಂದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು ಷರಾ ಬರೆದ: ಹಸು ಆರೋಗ್ಯವಾಗಿದೆ.