ಕುತ್ತಿಗಿ ನಿರಿಗಿ

ಬೇಲಿ ಆಚೆ ಮಷೀನು ಗಪ್ಪಾಯ್ತು, ಕಾಕಿ ಬೈಗುಳ ಸುರುವಾಯ್ತು.

"ಯಾರಿಗ್ರೀ ಕಾಕಿ?"

"ದಾರಕ್ಕ ನೋಡಬೇ. ಜಗ್ಗಿದೆ, ಪಟ್ ಅಂತು."

ಮೊಮ್ಮಗಂದು ಜಬ್ಲಾ. ಕೂಸಿಗಿ ಮೊದಲ ಹೊಸ ಅರಿವಿ ಹಾಕಬಾರದಂತ ಕಾಕಾನ ಹಳೇ ಧೋತ್ರ ಹರಿದಾಳ. ಮೂವತ್ತು ಇಂಚಿನ ಅರಿವಿ ಹತ್ತಿಂಚಿನ ಕುತ್ತಿಗಿಗಿ ಕೂಡಬೇಕು. ಹಾಕಿದ್ದು ಒಂದೇ ಸಾಲು ಹೊಲಿಗಿ, ಅದೂ ಸಣ್ಣದು. ಕಡೀಲಾರದ ಏನ್ ಮಾಡ್ತದ?

ನನಗೂ ಮೊನ್ನೆ ತನಕ ಗೊತ್ತಿರಲಿಲ್ಲ ಬಿಡ್ರಿ. ಮಗಳು ಬೆಂಗಳೂರಾಗ ನಾಟಕದವರಿಗಿ ಉಡುಪು ಹೊಲೀತಾಳ. ಐನೂರು ವರ್ಷದ ಹಿಂದಿನ ಇಟಲಿ ಹೆಂಗಸರ ಒಳಅಂಗಿ ಬೇಕಂತ ಅವರಿಗಿ. ಕಮೀಚಾ ಅಂತಾರಂತ. ನಮ್ಮ ಕಮೀಸು, ನಾವು ಸಣ್ಣೋರಿದ್ದಾಗ ಫ್ರಾಕಿನೊಳಗ ಹಾಕ್ಕೊಳ್ತಿದ್ದ ಶಮೀಜು, ಎಲ್ಲ ಅದೇ ಬಳಗದ ಮಾತು. ಹಿಂಗ ಮಾಡಂತ ಫೋನಿನಾಗ ತೋರಿಸಿದಳು: ಹೊಲಿಗಿ ಉದ್ದ ಇಟ್ಟು ಅಂಚಿಲಿಂದ ಕಾಲಿಂಚಿಗೊಂದು, ಅರ್ಧ ಇಂಚಿಗೊಂದು, ಎರಡು ಸಾಲು. ಅರಿವಿಗೂ ಪಟ್ಟಿಗೂ ನಾಕು ಭಾಗ ಮಾಡಿ ಗುಂಡುಸೂಜಿ. ಆಮ್ಯಾಲ ಬಾಬಿನ್ ದಾರ ಎರಡೂ ಕೂಡಿಸಿ ಮೆಲ್ಲಗ ಜಗ್ಗಬೇಕು. ಮ್ಯಾಲಿನ ದಾರಕ್ಕ ಕೈ ಹಚ್ಚಬಾರದು. ನಿರಿಗಿ ಒಂದ ಕಡಿ ಗುಂಪು ಕಟ್ಟಿದ್ರ ಸೂಜಿ ಮೊನಿಲಿಂದ ಸರಸೋದು.

"ಒಳಗಿನ ಅಂಗಿಗಿ ಇಷ್ಟು ಸಿಂಗಾರ ಯಾಕಬೇ? ಯಾರು ನೋಡ್ತಾರ?"

ಸಿಂಗಾರ ಅಲ್ಲ ಕಾಕಿ, ಜಿಪುಣತನ. ಕೈಲಿಂದ ನೇಯ್ದ ಅರಿವಿಗಿ ಕತ್ತರಿ ಹಾಕಲಾಕ ಯಾರಿಗಿ ಮನಸು ಬರ್ತದ? ಮುಂದ, ಹಿಂದ, ತೋಳು ಎಲ್ಲ ನೆಟ್ಟಗಿನ ತುಂಡು, ಕಂಕುಳಿಗೊಂದು ಚೌಕ. ಹೆಚ್ಚಾಗಿದ್ದೆಲ್ಲ ಕುತ್ತಿಗಿಗಿ ನಿರಿಗಿ. ಬೆವರು ಈ ಅಂಗಿ ಕುಡೀತದ, ಮ್ಯಾಲಿನ ರೇಷ್ಮಿ ಉಳೀತದ. ತಾಂಡಾದ ಅಕ್ಕಗಳ ಫೇಟಿಯಾ ನಡದಾಗ ನಿರಿಗಿ ಕಟ್ಟಿದಂಗ ಇದು ಕೊಳ್ಳಾಗ. ತೋರಿಸೋದು ಆಮ್ಯಾಲ ಬಂತು. ಡ್ಯೂರರ್ ಅಂಬೋ ಜರ್ಮನಿ ಚಿತ್ರಗಾರ 1498ರಾಗ ತನ್ನ ಚಿತ್ರ ತಾನೇ ಬರಕೊಂಡಾನ. ಎದಿ ಮ್ಯಾಲ ಕೂದಲೆಳಿ ಹಂಗ ನಿರಿಗಿ, ಮ್ಯಾಲ ಬಂಗಾರದ ಪಟ್ಟಿ.

"ಗಂಡಸು?!"

"ಗಂಡಸೇ. ಕೂದ್ಲಾ ಸುರುಳಿ ಸುರುಳಿ ಬಿಟ್ಕೊಂಡಾನ."

ಕಾಕಿ ಸೆರಗು ಬಾಯಿಗಿಟ್ಟು ನಕ್ಕಳು. ಅರಿವಿ ಯಾವುದಂತ ಕೇಳಿದಳು. ಅಗಸಿ ನಾರಿಂದು ಅಂದೆ.

"ಯಾವ ಅಗಸಿ? ಹಿಂಡಿ ಕುಟ್ಟೋ ಅಗಸಿ?"

ಅದೇ ಗಿಡ ಮತ್ತ. ನಮ್ಮ ಬಳಿಚಕ್ರ ಸೀಮ್ಯಾಗ ಅಂಗಿಗಿ ಹತ್ತಿ ಅದಾ, ಅಗಸಿ ಕಾಳು ಹುರಿದು, ಬಳ್ಳೊಳ್ಳಿ ಖಾರ ಹಾಕಿ ಕುಟ್ಟಿ ರೊಟ್ಟಿ ಕೂಡ ತಿಂತೀವಿ. ಅವರು ದಂಟು ನೀರಾಗ ಕೊಳಿಸಿ, ನಾರು ಬಿಡಿಸಿ ನೇಯ್ದು ಮೈಗಿ ಹಾಕ್ಕೊಂಡ್ರು. ಕಾಕಿಗಿ ನಂಬಿಕಿ ಬರಲಿಲ್ಲ. ಹಿಂಡಿ ಮೈಗಿ ಹಚ್ಕೊಂಡಂಗ ಆತಲ್ಲ ಅಂದಳು.

ಮಾತಾಡ್ತಾನೇ ಹರಿದ ದಾರ ಕಿತ್ತು ಎರಡು ಸಾಲು ಹೊಲಿದಳು. ಜಗ್ಗಿದಳು. ಮೂವತ್ತು ಇಂಚು ಹತ್ತಿಂಚಿಗಿ ಬಂದು ಕುಂತಿತು, ಪಟ್ ಅನ್ನಲಿಲ್ಲ. ಒಳಗ ಹೋಗಿ ಹಳೇ ಇಳಕಲ್ ಸೀರಿ ದಡಿ ಹಿಡ್ಕೊಂಡು ಬಂದಳು.

"ಏನ್ರೀ, ಕೂಸಿನ ಕುತ್ತಿಗಿ ಚುಚ್ಚಂಗಿಲ್ಲೇನು?"

"ಒಳಗ ಧೋತ್ರನೇ ಇರ್ತದಬೇ. ಹೊರಗಷ್ಟ ದಡಿ. ಜರ್ಮನಿಯಂವ ಒಬ್ಬನೇ ಹಾಕ್ಕೊಬೇಕೇನು?"