ನೀಲಕಣ ಮಹಾಶಯರ ನಿವೃತ್ತಿಪೂರ್ವ ಸಂದರ್ಶನ

ಓಎಲ್‌ಇಡಿ ಪರದೆಯ ಮೊಬೈಲ್ ಫೋನೊಂದರ ಮೇಲಂಚಿನಲ್ಲಿ, ಕೆಂಪು, ಹಸುರು ಕಣಗಳೊಡಗೂಡಿ ಬ್ಯಾಟರಿಯ ಬಿಳಿಯ ಚಿಹ್ನೆಯನ್ನು ಬೆಳಗುವ ಕೈಂಕರ್ಯದಲ್ಲಿ ಅಹರ್ನಿಶಿ ನಿರತರಾಗಿರುವ ನೀಲಕಣ ಮಹಾಶಯರ ದರ್ಶನಭಾಗ್ಯ ನಮಗೆ ಲಭಿಸಿದುದು, ಯಜಮಾನರು ಪರದೆಯನ್ನು ಆರಿಸದೆಯೇ ಫೋನನ್ನು ಚಾರ್ಜಿಗೆ ಹಾಕಿ ಸ್ನಾನಕ್ಕೆ ತೆರಳಿದ್ದ ಅಲ್ಪಾವಕಾಶದಲ್ಲಿ. ಅವರ ಕಾಂತಿ ಕುಂದಿತ್ತಾದರೂ ನಾಲಗೆಯ ಹರಿತ ಕುಂದಿರಲಿಲ್ಲ.

ಪ್ರಶ್ನೆ: ಪರದೆ ಸುಟ್ಟುಹೋಗಿ ಅದರಲ್ಲಿ ಚಿಹ್ನೆಗಳ ಪ್ರೇತ ಕಾಣಿಸುತ್ತಿದೆಯೆಂದು ಯಜಮಾನರು ದೂರುತ್ತಿದ್ದಾರಲ್ಲ?

ನೀಲಕಣ: ಸುಟ್ಟುದೂ ಇಲ್ಲ, ಪ್ರೇತವೂ ಇಲ್ಲ, ಇರುವುದು ಸವೆತ. ಎಲ್‌ಸಿಡಿ ಪರದೆಯವರಿಗೆ ಹಿಂಬದಿಯ ದೀಪವು ಬೆಳಕನ್ನು ಹಂಚುತ್ತದೆ. ನಮ್ಮ ಕುಲದಲ್ಲಾದರೋ ಪ್ರತಿಯೊಬ್ಬನೂ ತನ್ನ ಮೈಯ ಸಾವಯವ ದ್ರವ್ಯವನ್ನೇ ವ್ಯಯಿಸಿ ಬೆಳಗತಕ್ಕದ್ದು. ಒಂದೇ ಚಿಹ್ನೆಯನ್ನು ಹೊತ್ತು ನಿಂತವನು ನೆರೆಯವರಿಗಿಂತ ಮೊದಲು ಮಂಕಾದರೆ, ಆ ವ್ಯತ್ಯಾಸವನ್ನೇ ಜನ ಕಲೆಯೆನ್ನುತ್ತಾರೆ.

ಪ್ರಶ್ನೆ: ಕೆಂಪಿನವರೂ ಹಸುರಿನವರೂ ತಮ್ಮಷ್ಟು ಬಳಲಿದಂತೆ ತೋರುವುದಿಲ್ಲ.

ನೀಲಕಣ: ನೀಲಿಯ ಬೆಳಕಿಗೆ ಶಕ್ತಿ ಅಧಿಕ, ಅದನ್ನು ಹೊಮ್ಮಿಸುವ ದ್ರವ್ಯಕ್ಕೆ ಆಯುಸ್ಸು ಕಡಮೆ. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ತಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಎಂಬ ವಿಜ್ಞಾನಿಗಳು ಲೋಕಕ್ಕೆ ಪ್ರಕಟಪಡಿಸಿದ ನಮ್ಮ ಪೂರ್ವಜನು ಹಸುರು ಬಣ್ಣದವನು; ಜ್ಯೇಷ್ಠರ ಸೌಖ್ಯವನ್ನು ನಾನೇಕೆ ಕರುಬಲಿ? ತಯಾರಕರು ಕರುಣೆಯಿಂದ ನನ್ನ ಗಾತ್ರವನ್ನಷ್ಟೆ ಹಿಗ್ಗಿಸಿದ್ದಾರೆ, ವಿದ್ಯುತ್ತಿನ ಹೊರೆ ಹರಡಿಕೊಳ್ಳಲೆಂದು.

ಪ್ರಶ್ನೆ: ನಿವಾರಣೋಪಾಯವೇ ಇಲ್ಲವೆ?

ನೀಲಕಣ: ಹೇರಳವಾಗಿದೆ, ಆಚರಿಸುವವರು ವಿರಳ. ಬೆಳಕಿನ ಪ್ರಮಾಣವನ್ನು ತಗ್ಗಿಸಿ, ಅರ್ಧ ನಿಮಿಷದಲ್ಲಿ ಪರದೆ ತಾನೇ ಆರುವಂತೆ ಮಾಡಿ, ಕಪ್ಪು ಹಿನ್ನೆಲೆಯನ್ನು ಆರಿಸಿಕೊಂಡರೆ ಸಾಕು. ಕಪ್ಪೆಂದರೆ ನಮಗೆ ರಜೆ. ಸದಾ ಬೆಳಗುವ ಗಡಿಯಾರವನ್ನು ಫೋನು ಆಗಾಗ ಕೊಂಚ ಅತ್ತಿತ್ತ ಸರಿಸುವುದುಂಟು: ಸರಕಾರಿ ವರ್ಗಾವಣೆಯಂತೆಯೇ, ಆದರೆ ಇಲ್ಲಿ ಶಿಫಾರಸು ನಡೆಯದು. 2017ರಲ್ಲಿ ಗೂಗಲ್ ಪಿಕ್ಸೆಲ್ 2 ಎಕ್ಸ್‌ಎಲ್‌ನಲ್ಲಿ ಕಲೆ ಮೂಡಿತೆಂದು ಗದ್ದಲವೆದ್ದಾಗ, ಸಂಸ್ಥೆಯು ವಾರಂಟಿಯನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಪರದೆಯ ಕೆಳಂಚಿನಲ್ಲಿ ಮೂಡುವ ಗುಂಡಿಗಳು ಬಳಕೆಯಿಲ್ಲದಾಗ ಮಂಕಾಗುವಂತೆ ಏರ್ಪಡಿಸಿತು. ಎಂದರೆ, ಸಿಬ್ಬಂದಿಗೆ ವಿಶ್ರಾಂತಿ ಮಂಜೂರಾಯಿತು! ನನ್ನ ಸ್ಥಿತಿಯಾದರೂ ವಾಸಿ. ಟ್ಯಾಕ್ಸಿಯ ಮುಂಬದಿಯಲ್ಲಿ, ಬಿಸಿಲಿಗೆ ಮೈಯೊಡ್ಡಿ, ಪೂರ್ಣ ಪ್ರಕಾಶದಲ್ಲಿ ದಿನವಿಡೀ ನಕಾಶೆಯನ್ನು ಹೊತ್ತು ನಿಲ್ಲುವ ನನ್ನ ಬಾಂಧವರಿಗೆ ಬೆಳಕಿನ ಕಾಟದ ಜೊತೆಗೆ ಶಾಖದ ಕಾಟವೂ ಪ್ರಾಪ್ತ.

ಪ್ರಶ್ನೆ: ಬಣ್ಣಗಳನ್ನು ಮಿನುಗಿಸಿ ಕಲೆಯನ್ನು ಅಳಿಸುವ ವಿಡಿಯೋಗಳುಂಟಂತೆ?

ನೀಲಕಣ: ಕ್ಷಣಿಕವಾಗಿ ಉಳಿಯುವ ಛಾಯೆ ತನ್ನಷ್ಟಕ್ಕೇ ಹೋಗುತ್ತದೆ, ಕೀರ್ತಿ ವಿಡಿಯೋಗೆ ಸಲ್ಲುತ್ತದೆ. ನಿಜವಾದ ಸವೆತಕ್ಕಾದರೆ, ಒಬ್ಬ ಗುಮಾಸ್ತನ ಕಣ್ಣು ಮಂಜಾಯಿತೆಂದು ಇಡೀ ಕಚೇರಿಯ ಕಣ್ಣುಗಳನ್ನು ಮಂಜಾಗಿಸುವ ಚಿಕಿತ್ಸೆಯದು. ನಮ್ಮ ಯಜಮಾನರು ಅದನ್ನು ರಾತ್ರಿಯಿಡೀ ನಡೆಸಿದರು.

ಪ್ರಶ್ನೆ: ಆದರೂ ಪರದೆಗೆ ಗಾಜಿನ ಕವಚವನ್ನು ತೊಡಿಸಿರುವರಲ್ಲ!

ನೀಲಕಣ: ಗೀರು ಹೊರಗಣದ್ದು, ಸವೆತ ಒಳಗಣದ್ದು. ಕವಚದಿಂದ ಪರದೆ ಮಸುಕಾಯಿತೆಂದು ಬೆಳಕನ್ನು ಮತ್ತಷ್ಟು ಏರಿಸಿದ್ದಾರೆ.

ಪ್ರಶ್ನೆ: ಮುಂದೇನು?

ನೀಲಕಣ: ರಿಪೇರಿ ಅಂಗಡಿಯಲ್ಲಿ ದರ ವಿಚಾರಿಸಿಯಾಗಿದೆ. ನಮ್ಮಲ್ಲಿ ಒಬ್ಬೊಬ್ಬರನ್ನೇ ನಿವೃತ್ತಿಗೊಳಿಸುವ ಪದ್ಧತಿಯಿಲ್ಲ. ಪರದೆಯನ್ನೇ ಕಿತ್ತು ಹೊಸದನ್ನು ಕೂರಿಸುತ್ತಾರೆ. ಪೂರ್ಣಾರೋಗ್ಯದಿಂದಿರುವ ಕೆಂಪಿನವರೂ ಹಸುರಿನವರೂ ನನ್ನೊಡನೆಯೇ ಹೊರಡತಕ್ಕದ್ದು. ಈ ಸಂಗತಿಯನ್ನು ಅವರಿಗೆ ಅರುಹುವ ಧೈರ್ಯ ನನಗಿನ್ನೂ ಬಂದಿಲ್ಲ. ತಾವೂ ದಯಮಾಡಿ ಮೆಲ್ಲಗೆ ಮಾತನಾಡಿ.