ಲೋಳೆಸರದ ಚಿಕ್ಕಮ್ಮ

ಯಾರ ಮನೆಯ ಫ್ರಿಜ್ಜಿನಲ್ಲಿ ಹೆಸರಿಲ್ಲದ ಬಾಟಲಿಗಳು ಸಾರು ಪಲ್ಯದ ಪಾತ್ರೆಗಳನ್ನು ಮೂಲೆಗೆ ತಳ್ಳಿವೆಯೋ, ಯಾರ ಮನೆಯ ತಾರಸಿಯಲ್ಲಿ ತುಳಸಿಗಿಂತ ಲೋಳೆಸರದ ಕುಂಡಗಳಿಗೆ ಹೆಚ್ಚು ಮರ್ಯಾದೆಯೋ, ಯಾರ ಮನೆಯಲ್ಲಿ ಭಾನುವಾರ ಬಿಸಿಲು ನೆತ್ತಿಗೇರಿದರೂ ತಿಂಡಿಯ ಸುದ್ದಿ ಇಲ್ಲವೋ, ಆ ಮನೆಯಲ್ಲಿ ಒಬ್ಬ ಲೋಳೆಸರದ ಚಿಕ್ಕಮ್ಮ ಇದ್ದಾರೆಂದು ತಿಳಿಯಬೇಕು. ಕೆಲವು ಕಡೆ ಅವರು ಅತ್ತಿಗೆ, ಕೆಲವು ಕಡೆ ಸೋದರತ್ತೆ. ಈಚೆಗೆ ಹಾಸ್ಟೆಲಿನ ಹುಡುಗಿಯರೂ ಈ ಪದವಿಗೆ ಏರುತ್ತಿದ್ದಾರೆ. ನಮ್ಮ ಪಾಲಿಗೆ ಬಂದವರು ಬೆಂಗಳೂರಿನ ಚಿಕ್ಕಮ್ಮ. ಹುಟ್ಟಾ ಗುಂಗುರು ಕೂದಲು. ಗುರಿ ಒಂದೇ: ಆ ಕೂದಲು ಒಂದೇ ಸಮನೆ ನೇರ ಇಳಿಯಬೇಕು, ನೆತ್ತಿಯಲ್ಲಿ ಬಿಟ್ಟ ಬಾಚಣಿಗೆ ತಾನಾಗಿ ಸೊಂಟದ ಬಳಿ ಬೀಳಬೇಕು. ಷರತ್ತೂ ಒಂದೇ: ಕೆಮಿಕಲ್ ಸೋಕಬಾರದು.

ಷರತ್ತು ಸುಮ್ಮನೆ ಹುಟ್ಟಿದ್ದಲ್ಲ. ಮಗಳ ಒತ್ತಾಯಕ್ಕೆ ಪಾರ್ಲರಿಗೆ ಹೋಗಿ ಕೆರಾಟಿನ್ ಟ್ರೀಟ್‌ಮೆಂಟಿಗೆ ಕೂತಿದ್ದರು. ಕ್ರೀಮು ಬಳಿದ ಕೂದಲಿನ ಮೇಲೆ ಕಾದ ಐರನ್ ಎಳೆದದ್ದೇ ತಡ, ಎದ್ದ ಹೊಗೆಗೆ ಕಣ್ಣು ಉರಿದು, ಮೂಗು ಸೋರಿ, ಅರ್ಧ ತಲೆ ನೇರ, ಅರ್ಧ ತಲೆ ಗುಂಗುರು ಹೊತ್ತು ಆಟೋ ಹತ್ತಿದರು. ಚಿಕ್ಕಪ್ಪ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿ ನಿವೃತ್ತರಾದವರು. ಹೆಂಡತಿ ಹೊಸ್ತಿಲು ದಾಟುವಷ್ಟರಲ್ಲಿ ಮೂಗರಳಿಸಿ, “ಇದು ನಮ್ಮ ಲ್ಯಾಬಿನ ವಾಸನೆ ಕಣೇ! ಕಪ್ಪೆ ಹಾಕಿಡ್ತಿದ್ದ ಫಾರ್ಮಲಿನ್!” ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಬಳಿ ನಿಂತು ಅವರು ಅಷ್ಟು ಉತ್ಸಾಹ ತೋರಿದ್ದು ಅದೇ ಮೊದಲಂತೆ.

ಮಾತೇನೋ ತಪ್ಪಲ್ಲ. ಇಂಥ ಹಲವು ಕ್ರೀಮುಗಳು ಬಿಸಿ ತಾಗಿದೊಡನೆ ಫಾರ್ಮಾಲ್ಡಿಹೈಡ್ ಅನಿಲ ಬಿಡುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತ್ತು. 2011ರಲ್ಲಿ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಪಾರ್ಲರ್ ಕೆಲಸದವರಿಗೆ ಎಚ್ಚರಿಕೆ ಹೊರಡಿಸಿತು; ‘ಇದರಲ್ಲಿ ಫಾರ್ಮಾಲ್ಡಿಹೈಡ್ ಇಲ್ಲ’ ಎಂದು ಬರೆದ ಬಾಟಲಿಗಳಲ್ಲೂ ಅದು ಸಿಕ್ಕಿತ್ತು. ಚಿಕ್ಕಮ್ಮನಿಗೆ ಮಾತ್ರ 2022ರ ಅಧ್ಯಯನವೇ ಅಚ್ಚುಮೆಚ್ಚು. ಅಮೆರಿಕದ 33 ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಸುಮಾರು 11 ವರ್ಷ ಗಮನಿಸಿದಾಗ, ಕೂದಲು ನೇರ ಮಾಡುವ ಕ್ರೀಮುಗಳನ್ನು ಪದೇಪದೇ ಬಳಸಿದವರಲ್ಲಿ ಗರ್ಭಕೋಶದ ಕ್ಯಾನ್ಸರ್ ಹೆಚ್ಚಾಗಿ ಕಂಡಿತ್ತು. ಇದನ್ನು ಅವರು ಅರಿಶಿನ ಕುಂಕುಮಕ್ಕೆ ಬಂದವರಿಗೂ ಹೇಳಿ ಕಳಿಸುತ್ತಾರೆ.

“ಸಂಬಂಧ ಇದೆ ಅಂತ ಅಷ್ಟೇ ಕಣೇ ಹೇಳಿರೋದು. ಅದೇ ಕಾರಣ ಅಂತಲ್ಲ” ಎಂದು ಚಿಕ್ಕಪ್ಪ ಒಳಗಿನಿಂದ ತಿದ್ದಿದರು.

“ನಿಮ್ಮಕ್ಕ ಬಂದಾಗೆಲ್ಲ ನಂಗೆ ತಲೆನೋವು ಬರತ್ತಲ್ಲ, ಅದೂ ಬರೀ ಸಂಬಂಧಾನೇನ್ರೀ?”

ಚಿಕ್ಕಪ್ಪ ಪೇಪರು ಮಡಚಿ ತಾರಸಿಗೆ ಹೋದರು.

ಅಂದಿನಿಂದ ಅಡುಗೆಮನೆಯೇ ಪಾರ್ಲರು. ದೋಸೆಗೆಂದು ನೆನೆಸಿದ ಮೆಂತ್ಯ ಬೆಳಿಗ್ಗೆ ಇರುವುದಿಲ್ಲ. ಹೆಪ್ಪು ಹಾಕಿದ ಮೊಸರು ಊಟದ ಎಲೆಗೆ ಬರುವ ಬದಲು ತಲೆಗೆ ಹೋಗಿರುತ್ತದೆ. ಬಾಳೆಹಣ್ಣಿನ ಪ್ರಯೋಗ ಒಂದೇ ವಾರಕ್ಕೆ ನಿಂತಿತು. ಎಷ್ಟು ತೊಳೆದರೂ ತುಣುಕು ಹೋಗದೆ, ಮರುದಿನ ದೇವಸ್ಥಾನದಲ್ಲಿ ಹಿಂದೆ ನಿಂತವರು “ನಿಮ್ಮ ತಲೆ ಮೇಲೆ ಪ್ರಸಾದ ಬಿದ್ದಿದೆ” ಎಂದು ಭಕ್ತಿಯಿಂದ ಆರಿಸಿಕೊಟ್ಟರಂತೆ. ಎದುರುಮನೆಯ ಧಾರವಾಡದವರು ಹಿಂಡಿ ಮಾಡಿಕೊಂಡು ರೊಟ್ಟಿ ಜೋಡಿ ತಿನ್ನಲೆಂದು ಊರಿಂದ ಅಗಸಿ ತಂದುಕೊಟ್ಟರೆ, ಇವರು ಅದನ್ನು ನೀರಲ್ಲಿ ಕುದಿಸಿ, ಹಳೇ ಪಂಚೆಯಲ್ಲಿ ಸೋಸಿ, ಅಂಟಂಟು ಲೋಳೆ ತೆಗೆದು ಬಾಟಲಿಗೆ ತುಂಬಿದರು. ಧಾರವಾಡದವರು ಗಲ್ಲಕ್ಕೆ ಕೈ ಹಚ್ಚಿ, “ಅಯ್ಯ, ತಿನ್ನೂದ್ ಬಿಟ್ಟು ತಲಿಗಿ ಹಚ್ಕೋತೀರೇನ್ರೀ!” ಎಂದರು. ಅದೇ ಬಾಟಲಿಯನ್ನು ಚಿಕ್ಕಪ್ಪ ರಾತ್ರಿ ಗಂಜಿಯೆಂದು ತಿಳಿದು ಉಪ್ಪು ಬೆರೆಸಿ ಕುಡಿದು, “ಚೆನ್ನಾಗಿದೆ, ಒಂಚೂರು ಮೆಣಸಿನಪುಡಿ ಬೇಕಿತ್ತು” ಎಂದು ಅಭಿಪ್ರಾಯ ಕೊಟ್ಟರು.

ಅಕ್ಕಿ ತೊಳೆದ ನೀರಿನ ಕಥೆ ಬೇರೆ. ಚೀನಾದ ಹುವಾಂಗ್ಲುವೋ ಎಂಬ ಹಳ್ಳಿಯಲ್ಲಿ ಯಾವೋ ಜನಾಂಗದ ಹೆಂಗಸರು ಅಕ್ಕಿನೀರನ್ನು ಹುಳಿ ಬರಿಸಿ ತಲೆ ತೊಳೆಯುತ್ತಾರೆ, ಅವರ ಕೂದಲು ಮಾರುದ್ದ, ನೇರ, ಕಪ್ಪು ಎಂದು ಚಿಕ್ಕಮ್ಮ ಫೋನಿನಲ್ಲಿ ನೋಡಿ ಅಜ್ಜಿಗೆ ತೋರಿಸಿದರು. ಅಜ್ಜಿ ಕನ್ನಡಕ ಏರಿಸಿ ನೋಡಿದರು. “ನಮ್ಮೂರಲ್ಲಿ ಕಲಗಚ್ಚೆಲ್ಲಾ ಎಮ್ಮೆಗೆ ಹಾಕ್ತಿದ್ವಿ. ಹೌದು ಕಣೇ, ಒಂದು ಎಮ್ಮೆಗೂ ಗುಂಗುರು ಕೂದಲು ಇರ್ಲಿಲ್ಲ.”

ಅಜ್ಜಿ ಈ ಮನೆಯ ಸುಪ್ರೀಂ ಕೋರ್ಟು. ಮೊಟ್ಟೆಯ ವಿಚಾರ ಬಂದಾಗ ಇದು ಖಚಿತವಾಯಿತು. ತಲೆಗೆ ಮೊಟ್ಟೆ ಹಚ್ಚಿದರೆ ರೇಷ್ಮೆ ಎಂದು ಯಾರೋ ಹೇಳಿದ್ದು ಚಿಕ್ಕಮ್ಮನ ನಿದ್ದೆ ಕೆಡಿಸಿತ್ತು. ಈ ಮನೆಗೆ ಮೊಟ್ಟೆ ಬಂದ ಇತಿಹಾಸವಿಲ್ಲ. ಮೂರು ಬೀದಿ ಆಚೆಯ ಅಂಗಡಿಯಿಂದ, ಪೇಪರಿನಲ್ಲಿ ಸುತ್ತಿ, ಕೊತ್ತಂಬರಿ ಸೊಪ್ಪಿನ ಕೆಳಗೆ ಬಚ್ಚಿಟ್ಟು ತಂದದ್ದನ್ನು ಅಜ್ಜಿ ಮೆಟ್ಟಿಲಲ್ಲೇ ಹಿಡಿದರು. ಹೊಟ್ಟೆಗೆ ಇಳಿಯಬಾರದ್ದು ತಲೆಗೆ ಏರಬಹುದೇ ಎಂಬ ಧರ್ಮಸೂಕ್ಷ್ಮದ ಮೇಲೆ ವಿಚಾರಣೆ ನಡೆದು, ತಜ್ಞರಾಗಿ ಚಿಕ್ಕಪ್ಪನನ್ನು ಕರೆಸಲಾಯಿತು.

“ಮೊಟ್ಟೆ ಪ್ರೋಟೀನಿನ ಅಣು ತುಂಬ ದೊಡ್ಡದಮ್ಮ. ಕೂದಲ ಒಳಕ್ಕೆ ನುಗ್ಗೋಕೇ ಆಗಲ್ಲ. ಮೇಲ್ಮೇಲೇ ಕೂತು ನೀರಲ್ಲಿ ಹೋಗತ್ತೆ” ಎಂದು ಅವರು ಹೇಳಿದ್ದು ಮೊಟ್ಟೆಯಿಂದ ಉಪಯೋಗವಿಲ್ಲ ಎಂಬ ಅರ್ಥದಲ್ಲಿ. ಅಜ್ಜಿ ಹಿಡಿದದ್ದು ಬೇರೆ ಅರ್ಥ. “ಒಳಗೆ ಹೋಗಲ್ಲ ಅಂದ್ಮೇಲೆ ಮೈಲಿಗೆ ಎಲ್ಲಿಂದ ಬಂತು? ಚರ್ಮದ ಚಪ್ಪಲಿ ಹಾಕ್ಕೊಳ್ಳಲ್ವಾ? ತಾರಸಿ ಮೇಲೆ ಹಚ್ಕೊಳ್ಳಿ.” ವಿಜ್ಞಾನ ಮಡಿಯನ್ನು ಕಾಪಾಡಿದ್ದನ್ನು ನಾನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಆದರೆ ವಾಸನೆಗೆ ಚಿಕ್ಕಮ್ಮನೇ ಸೋತರು.

ಕೊನೆಗೆ ನಿಂತದ್ದು ಕಾಯಿಹಾಲಿನ ಯೋಗ. ಶನಿವಾರ ರಾತ್ರಿ ಕೊಬ್ಬರಿ ಎಣ್ಣೆ ಉಗುರುಬೆಚ್ಚಗೆ ಮಾಡಿ ಹಚ್ಚಬೇಕು. ಬೆಳಿಗ್ಗೆ ದಾಸವಾಳದ ಎಲೆ ಕಿವುಚಿದ ಲೋಳೆ, ಒಂದು ಹಿಡಿ ಸೀಗೆಪುಡಿ. ಆಮೇಲೆ ಗಟ್ಟಿ ಕಾಯಿಹಾಲು, ನಿಂಬೆರಸ, ಎರಡು ಚಮಚ ಕಾರ್ನ್‌ಫ್ಲೋರ್ ಸೇರಿಸಿ ಸಣ್ಣ ಉರಿಯಲ್ಲಿ ತಿರುವಿ, ಆರಿಸಿ, ಒದ್ದೆ ಕೂದಲಿಗೆ ಎಳೆಎಳೆಯಾಗಿ ಬಳಿದು, ಅಗಲ ಹಲ್ಲಿನ ಬಾಚಣಿಗೆಯಲ್ಲಿ ಕೆಳಕ್ಕೆ ಬಾಚಿ, ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರು ಹೊದಿಸಿ ಮುಕ್ಕಾಲು ಗಂಟೆ ಕತ್ತು ಅಲ್ಲಾಡಿಸದೆ ಕೂರಬೇಕು. ಈ ಮುಕ್ಕಾಲು ಗಂಟೆಯಲ್ಲಿ ಚಿಕ್ಕಮ್ಮನ ಗಾಂಭೀರ್ಯ ನೋಡಬೇಕು. ತಲೆಯ ಮೇಲೆ ‘ಮದುವೆ ಸೀರೆಗಳ ವಿಶೇಷ ಮಳಿಗೆ’ ಎಂದು ಬರೆದಿರುತ್ತದೆ. ಸೊಪ್ಪಿನವಳು ಬಂದರೆ ಬುಟ್ಟಿಯ ಕಡೆ ಬಗ್ಗುವಂತಿಲ್ಲ. ನೇರ ಎದುರುಮನೆಯ ಕಿಟಕಿಯನ್ನೇ ದಿಟ್ಟಿಸುತ್ತ ದಂಟಿನ ಸೊಪ್ಪು ಚೌಕಾಸಿ ಮಾಡುತ್ತಾರೆ. ಎದುರುಮನೆಯವರು ತಮಗೇ ಹೇಳಿದ್ದೆಂದು “ನಮಗ ಬ್ಯಾಡ್ರೀ” ಎನ್ನುತ್ತಾರೆ. ಕೊರಿಯರ್ ಹುಡುಗ ಸಹಿಯನ್ನೂ ಕೇಳದೆ ಪೊಟ್ಟಣ ಇಟ್ಟು ಮೆಟ್ಟಿಲಿಳಿದದ್ದುಂಟು.

ತೊಳೆಯುವುದಕ್ಕೂ ನಿಯಮವಿದೆ. ಬೋರ್‌ವೆಲ್ಲಿನ ಗಡಸು ನೀರು ಸುಣ್ಣದ ಅಂಶ ಬಿಟ್ಟು ಕೂದಲನ್ನು ಒರಟು ಮಾಡುತ್ತದೆ, ಆದ್ದರಿಂದ ಕೊನೆಯ ಎರಡು ಚೊಂಬು ಕಾವೇರಿ ನೀರೇ ಆಗಬೇಕು. ಕುಡಿಯಲು ಹಿಡಿದಿಟ್ಟ ಬಿಂದಿಗೆಗೆ ಚಿಕ್ಕಪ್ಪ ಕಾವಲು ಕೂತರೂ ತಮ್ಮ ಪಾಲು ಹೋಗದಂತೆ ತಡೆಯಲಾಗಿಲ್ಲ. ನ್ಯಾಯಮಂಡಳಿ ಗಮನಿಸದೆ ಬಿಟ್ಟ ಕಾವೇರಿ ವಿವಾದ ಇದೊಂದೇ ಎಂದು ಅವರು ಗೊಣಗುತ್ತಾರೆ.

ಒರೆಸಲು ಟರ್ಕಿ ಟವೆಲ್ಲು ನಿಷಿದ್ಧ, ಉಜ್ಜಿದರೆ ಸಿಕ್ಕಾಗುತ್ತದೆ. ಮೆತ್ತನೆಯ ಹಳೇ ಪಂಚೆಯೇ ಬೇಕು. ಮನೆಯಲ್ಲಿ ಹಳೇ ಪಂಚೆ ಮುಗಿದರೆ ಹೊಸದಕ್ಕೇ ಬೇಗ ವಯಸ್ಸಾಗುತ್ತದೆ. ಆಮೇಲೆ ಕೂದಲನ್ನು ಭಾಗ ಮಾಡಿ, ಒಣಗುವ ತನಕ ಒಂದೊಂದನ್ನೇ ಎಳೆದು ಬಾಚಿ, ಗೇಣಿಗೊಂದರಂತೆ ಬಟ್ಟೆಪಟ್ಟಿ ಕಟ್ಟಿ, ಫ್ಯಾನಿನಡಿ ಕಾಯುವುದು. ಜಡೆ ಹಾಕುವಂತಿಲ್ಲ, ಅಲೆ ಬೀಳುತ್ತದೆ. ಅಜ್ಜಿಗೆ ಅರ್ಥವಾಗದ್ದು ಇದೇ. “ಜಡೆ ಹೆಣೆದು ಹೂ ಮುಡಿದ್ರೆ ಒಳಗಡೆ ಗುಂಗುರೋ ನೇರಾನೋ ಯಾರು ಬಿಚ್ಚಿ ನೋಡ್ತಾರೆ? ತಲೆ ಬಿಟ್ಕೊಂಡು ಓಡಾಡಿದ್ದು ದ್ರೌಪದಿ. ಅವಳಿಗಾದ್ರೆ ಕಾರಣ ಇತ್ತು.” ನನ್ನನ್ನು ಕೇಳಿದರೆ ಈ ಇಡೀ ಸಮಸ್ಯೆಯ ಮೂಲಕ್ಕೇ ಅಜ್ಜಿ ಕೈ ಹಾಕಿದ್ದಾರೆ. ಜಡೆ ಇರುವ ತನಕ ಊರಿಗೆಲ್ಲ ಒಂದೇ ಕೂದಲು.

ಚಿಕ್ಕಪ್ಪನ ತಕರಾರು ತಾತ್ವಿಕ. ಕೂದಲು ಚರ್ಮದಿಂದ ಹೊರಗೆ ಬಂದ ಮೇಲೆ ಸತ್ತ ವಸ್ತು, ಅದಕ್ಕೆ ಹಾಲು ಮೊಸರಿನ ಪೋಷಣೆ ಎಂಬುದಿಲ್ಲ. “ಸತ್ತವರಿಗೆ ಊಟ ಹಾಕೋದು ನಾವು ವರ್ಷಕ್ಕೊಂದ್ಸಲ. ಇವಳು ವಾರಕ್ಕೊಂದ್ಸಲ.” ಗುಂಗುರು ನಿರ್ಧಾರವಾಗುವುದು ಬುಡದಲ್ಲಿ, ಕೂದಲು ಹುಟ್ಟುವ ಗೂಡಿನ ಆಕಾರದಲ್ಲಿ. ಆ ಆಕಾರವನ್ನು ಕೂದಲೊಳಗೆ ಹಿಡಿದಿಡುವ ಗಂಧಕದ ಗಟ್ಟಿ ಬಂಧಗಳನ್ನು ಕಾಯಿಹಾಲು ಮುರಿಯಲಾರದು. ಮುರಿಯಬಲ್ಲದ್ದು ನೀರು ತಾಗಿದರೆ ಬಿಡುವ, ಒಣಗಿದರೆ ಮತ್ತೆ ಕೂಡುವ ಹೈಡ್ರೋಜನ್ ಬಂಧಗಳನ್ನು ಮಾತ್ರ. ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಯಂತೆ ಅದು: ಒಣಗಿರುವಷ್ಟು ಹೊತ್ತು ಮಡಿಕೆ ನಿಲ್ಲುತ್ತದೆ, ನೀರು ಚಿಮುಕಿಸಿದರೆ ಮುಗಿಯಿತು. ಉಳಿದ ಲೋಳೆ, ಹಾಲು, ಅಗಸೆ ಎಲ್ಲ ಮೇಲಿನ ಪದರಕ್ಕೆ ನುಣುಪು ಕೊಡುತ್ತವೆ, ಅಷ್ಟೇ. ನ್ಯಾಯವಾಗಿ ಹೇಳಬೇಕೆಂದು ಒಮ್ಮೆ ಅವರು ಇನ್ನೊಂದು ಮಾತೂ ಹೇಳಿಬಿಟ್ಟರು: ಕೊಬ್ಬರಿ, ಸೂರ್ಯಕಾಂತಿ, ಮಿನರಲ್ ಎಣ್ಣೆಗಳನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೂದಲಿನ ಪ್ರೋಟೀನ್ ನಷ್ಟ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ, ಅದೊಂದು ಕೂದಲ ಒಳಕ್ಕೂ ಇಳಿಯುತ್ತದೆ ಎಂದು. ಆ ತಿಂಗಳಿಂದ ಮನೆಗೆ ಎಣ್ಣೆ ಡಬ್ಬದಲ್ಲಿ ಬರತೊಡಗಿತು.

ಒಂದು ಭಾನುವಾರ ಒಡೆದ ಕಾಯಿಗಳೆಲ್ಲ ಕೊಳೆತಿದ್ದವು. ಬೇರೆ ತರಲು ಯಾರೂ ಏಳಲಿಲ್ಲ. ಚಿಕ್ಕಮ್ಮ ಬರಿಯ ನೀರಿನಲ್ಲಿ ತೊಳೆದು, ಮುಖ ಊದಿಸಿಕೊಂಡೇ ಉಳಿದದ್ದೆಲ್ಲ ಮಾಡಿದರು: ಪಂಚೆ, ಬಾಚಣಿಗೆ, ಪಟ್ಟಿ, ಫ್ಯಾನು. ಸಂಜೆ ಬಿಚ್ಚಿದರೆ ಕೂದಲು ಹಿಂದಿನ ವಾರದಷ್ಟೇ ನೇರ. ಚಿಕ್ಕಪ್ಪನ ಕಣ್ಣು ಹೊಳೆಯಿತು. ನೇರ ಮಾಡುತ್ತಿದ್ದದ್ದು ಕಾಯಿಹಾಲಲ್ಲ, ಆ ಕೈಗಳ ಎಳೆತ ಎಂದು ಸಿದ್ಧವಾಗಿತ್ತು. ಚಟ್ನಿಗೆ ಕಾಯಿ ಮರಳಿ ಸಿಗುವ ದಿನ ಬಂದಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಮೆಲ್ಲಗೆ, “ಸುಮ್ನಿರೋ. ವಾರಕ್ಕೆ ಮುಕ್ಕಾಲು ಗಂಟೆ ಅವಳನ್ನ ಯಾರೂ ಏನೂ ಕೇಳಲ್ಲ. ಅದಕ್ಕೂ ಕಣ್ಣು ಹಾಕ್ಬೇಡ” ಎಂದರು. ಚಿಕ್ಕಪ್ಪ ಬಾಯಿ ಮುಚ್ಚಿದರು. ಚಟ್ನಿ ಇವತ್ತಿಗೂ ಕಡಲೆಯದೇ.

ಮೊನ್ನೆ ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ಮದುವೆ. ಹೊರಡುವ ಮುನ್ನ ಚಿಕ್ಕಮ್ಮ ಯೋಗವನ್ನು ಎರಡು ಸಲ ಮಾಡಿ ಕಾರು ಹತ್ತಿದರು. ಹಾಸನದಲ್ಲಿ ಕಾಫಿಗೆ ಇಳಿದಾಗ ಕೂದಲು ಬೆನ್ನ ಮೇಲೆ ಶಿಸ್ತಾಗಿ ಮಲಗಿತ್ತು. ಸಕಲೇಶಪುರದಲ್ಲೂ ತೊಂದರೆಯಿಲ್ಲ. ಶಿರಾಡಿ ಘಾಟಿ ಇಳಿಯುವಾಗ ಹಣೆಯ ಬಳಿ ಒಂದು ಎಳೆ ತಲೆಯೆತ್ತಿ ಸುತ್ತ ನೋಡಿತು. ಗುಂಡ್ಯದಲ್ಲಿ ಕಿವಿಯ ಪಕ್ಕದವು ಸುರುಳಿ ಸುತ್ತಿದವು. ಉಪ್ಪಿನಂಗಡಿ ಹೊತ್ತಿಗೆ ಹಿಂದಿನ ಸೀಟಿನಲ್ಲಿ ಕೂತಿದ್ದ ನನಗೆ ಮುಂದಿನ ರಸ್ತೆ ಕಾಣದಾಯಿತು. “ಗಾಳಿಯಲ್ಲಿ ತೇವ ಜಾಸ್ತಿ ಕಣೇ, ಹೈಡ್ರೋಜನ್ ಬಂಧ...” ಎಂದು ಶುರುಮಾಡಿದ ಚಿಕ್ಕಪ್ಪ ಒಂದು ನೋಟಕ್ಕೆ ನಿಂತರು. ಬಿ.ಸಿ. ರೋಡಿನಲ್ಲಿ ಎಲ್ಲವೂ ಹುಟ್ಟಿದಾಗ ಇದ್ದಂತೆಯೇ ಇತ್ತು.

ಮದುವೆ ಹಾಲಿನಲ್ಲಿ ಚಿಕ್ಕಮ್ಮ ಕಂಬದ ಮರೆಯ ಕುರ್ಚಿ ಹುಡುಕಿದರು. ಅಲ್ಲಿಗೂ ವಧುವಿನ ಕಡೆಯ ಹೆಂಗಸೊಬ್ಬರು ಪಾನಕದ ಲೋಟ ಹಿಡಿದು ಬಂದರು, ಜತೆಗೆ ಇಬ್ಬರು ಹುಡುಗಿಯರು, ಮೂವರದೂ ಕಡ್ಡಿಯಷ್ಟು ನೇರ ಕೂದಲು.

“ಎಂತ ಚಂದ ಗುಂಗುರು ಮಾರ್ರೆ ನಿಮ್ಮದು! ಇವರಿಬ್ಬರಿಗೆ ಎಂತ ಮಾಡಿದ್ರೂ ಒಂದು ಸುರುಳಿ ನಿಲ್ಲುದಿಲ್ಲ. ನೀವು ಎಂತ ಹಾಕುದು? ಪಾರ್ಲರಾ?”

ಚಿಕ್ಕಮ್ಮ ಕಂಬದ ಮರೆಯಿಂದ ಈಚೆ ಬಂದರು. ಸೆರಗು ಸರಿಮಾಡಿಕೊಂಡರು.

“ಅಯ್ಯೋ, ಪಾರ್ಲರಾ? ನಾನು ಕೆಮಿಕಲ್ ಮುಟ್ಟೋದೇ ಇಲ್ಲ. ಬರ್ಕೊಳ್ಳಿ. ಗಟ್ಟಿ ಕಾಯಿಹಾಲು ಒಂದು ಬಟ್ಟಲು, ಒಂದು ನಿಂಬೆಹಣ್ಣು, ಎರಡು ಚಮಚ ಕಾರ್ನ್‌ಫ್ಲೋರ್...”

ಹುಡುಗಿಯರು ಫೋನು ತೆಗೆದರು. ಚಿಕ್ಕಪ್ಪ ಪಾನಕ ನೆತ್ತಿಗೇರಿ ಕೆಮ್ಮತೊಡಗಿದರು.

“ಕಾಯಿ ಯಾವುದಾದ್ರೂ ಆಗ್ತದಾ?” ಎಂದರು ಆ ಹೆಂಗಸು.

“ಛೆ, ಊರಿಂದೇ ಆಗ್ಬೇಕು. ಬೆಂಗಳೂರಿನ ಕಾಯಲ್ಲಿ ಗುಂಗುರು ನಿಲ್ಲೋದಿಲ್ಲ ರೀ” ಎಂದರು ಚಿಕ್ಕಮ್ಮ.